ಅಪ್ಪನ ವಾಚಿನ ಕೊಂಡಿಗಳು

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ಇದೇನಿವಳು, ಫೋನು ಬಿಟ್ಟು ಕಾಗದ ಹಿಡಿದಿದ್ದಾಳೆ ಎಂದು ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪನಿಗೆ ಮಿಕ್ಕಿದ್ದೆಲ್ಲ ಸೋತರೂ ಕಿವಿ ಮಾತ್ರ ಚುರುಕು. ಈಗ ಒಳಗೆ ಮಲಗಿದ್ದಾರೆ. ಎದ್ದರೆ ಕೆಮ್ಮು ಕೇಳಿಸುತ್ತದೆ, ಅಷ್ಟರಲ್ಲಿ ಮುಗಿಸಬೇಕು.

ವಿಷಯ ಅವರ ವಾಚಿನದು. ಗಿರಣಿಯ ಬಾಯ್ಲರ್ ಕೆಟ್ಟು ನಿಂತಾಗ ರಿಪೇರಿ ಮಾಡಿಕೊಟ್ಟರೆಂದು ಮಾಲೀಕರು ತಮ್ಮ ಕೈಯಿಂದಲೇ ಬಿಚ್ಚಿ ಇವರಿಗೆ ಕಟ್ಟಿದ ದುಬಾರಿ ವಾಚು. ಆ ಕಥೆ ನಿನಗೆ ಬಾಯಿಪಾಠ. ಆಪರೇಷನ್ ಆಗಿ ಮನೆಗೆ ಬಂದಮೇಲೆ ಒಂದು ದಿನ ಊಟಕ್ಕೆ ಕೂತಿದ್ದರು. ತುತ್ತು ಎತ್ತುವಾಗ ವಾಚು ಸರ್ರನೆ ತಿರುಗಿ ಕೆಳಗಾಗಿ ತಟ್ಟೆಗೆ ಬಡಿಯಿತು. ಅವರ ಮುಖ ಹೇಗಾಯಿತು ಗೊತ್ತಾ! ತಟ್ಟೆ ಸರಿಸಿ ಎದ್ದುಬಿಟ್ಟರು. ಮಾರನೆಯ ದಿನವೂ ನೀರು ಬಿಟ್ಟು ಏನೂ ಮುಟ್ಟಲಿಲ್ಲ.

ನಾನೇನು ಮಾಡಿದೆ, ಕ್ಲೀನ್ ಮಾಡಿಸಿ ತರುತ್ತೇನೆಂದು ವಾಚು ಒಯ್ದು ಅದರ ಸ್ಟೀಲ್ ಚೈನಿನಲ್ಲಿ ಒಂದು ಕೊಂಡಿ ತೆಗೆಸಿದೆ. ತಂದು ಕಟ್ಟಿದಾಗ ಕೈಗೆ ಸರಿಯಾಗಿ ಕೂತಿತು. ‘ನೋಡ್ದೇನೇ, ಮೈಕೈ ತುಂಬ್ಕೊಳ್ತಿದೆ’ ಅಂದರು. ಅವತ್ತು ಎರಡು ತುತ್ತು ಹೆಚ್ಚೇ ಉಂಡರು. ಅಲ್ಲಿಂದ ನನಗದು ಚಟವಾಯಿತು. ಸಡಿಲವಾದಾಗಲೆಲ್ಲ ಒಂದು ಕೊಂಡಿ. ತೂಕದ ಯಂತ್ರ ಕೆಟ್ಟಿದೆ ಎಂದು ಅಟ್ಟಕ್ಕೆ ಹಾಕಿದೆ. ಬೈಯುವುದಾದರೆ ಬೈಯಿ, ಆದರೆ ಅವರು ಊಟ ಮಾಡುತ್ತಿದ್ದರು ಪುಟ್ಟೀ.

ಕಳೆದ ವಾರ ಹೋದರೆ ಭೂತಗನ್ನಡಿ ಕೈ ಎತ್ತಿಬಿಟ್ಟ. ಅದೇ, ಕಣ್ಣಿಂದ ಮಸೂರ ತೆಗೆಯದ ಆ ವಾಚ್ ರಿಪೇರಿಯವನು, ನೀನೇ ಇಟ್ಟ ಹೆಸರು. ಇನ್ನು ತೆಗೆಯೋಕೆ ಕೊಂಡಿನೇ ಇಲ್ಲ ಅಕ್ಕಾ, ಚೈನೇ ಬದಲಾಯಿಸಬೇಕು ಅಂದ. ಅಸಲಿ ಚೈನು ಹೋದ್ರೆ ಇಂಥ ಹಳೇ ವಾಚಿನ ಮಾನನೇ ಹೋಗುತ್ತೆ ಅಂತ ಗೊಣಗಿದ ಬೇರೆ. ಕಂಪನಿಯ ಅಂಗಡಿಗೂ ಹೋದೆ. ಗಾಜಿನ ಬಾಗಿಲು, ಕೊರೆಯುವ ಎಸಿ, ಬಿಳಿ ಕೈಗವಸು ಹಾಕಿಕೊಂಡ ಹುಡುಗಿ. ಈ ಮಾಡೆಲ್ ನಿಂತು ಎಷ್ಟೋ ವರ್ಷ ಆಯ್ತು ಆಂಟಿ, ಬರೆದು ತರಿಸಬೇಕು, ಆರಾಮಾಗಿ ಆರು ತಿಂಗಳು ಹಿಡಿಯುತ್ತೆ ಅಂದಳು. ಆರಾಮಾಗಿ ಅಂತೆ! ವಾಚನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.

ಇನ್ನು ಮುಚ್ಚಿಟ್ಟು ಏನು ಮಾಡಲಿ. ಡಾಕ್ಟರು ಔಷಧಿ ಬದಲಾಯಿಸಿದ್ದಾರೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ನಿಲ್ಲಿಸಿದ್ದಾರೆ. ಮನೆಯಲ್ಲಿಟ್ಟುಕೊಂಡು ಅವರಿಗೆ ಇಷ್ಟವಾದದ್ದು ಮಾಡಿ ಹಾಕಿ ಅಂದರು. ನಿಮ್ಮಪ್ಪನಿಗೆ ಇದು ಗೊತ್ತಿಲ್ಲ.

ಮತ್ತೆ ಭೂತಗನ್ನಡಿಯ ಹತ್ತಿರವೇ ಹೋದೆ, ಕೈಕಾಲು ಹಿಡಿಯುವುದೊಂದು ಬಾಕಿ. ಎಲ್ಲ ಡ್ರಾಯರ್ ಹುಡುಕಿ ಅದೇ ಕಂಪನಿಯ ಹೆಂಗಸರ ವಾಚಿನ ಚೈನೊಂದನ್ನು ತೆಗೆದ. ತುದಿ ಕೂರಲಿಲ್ಲ, ಅರದಿಂದ ಉಜ್ಜಿ ಕೂರಿಸಿದ. ಅಷ್ಟು ದೊಡ್ಡ ವಾಚಿಗೆ ಅಷ್ಟು ಸಣ್ಣ ಚೈನು, ಕುರುಡರಿಗೂ ಗೊತ್ತಾಗುವಂತಿತ್ತು. ನಿಮ್ಮಪ್ಪ ಜನ್ಮವಿಡೀ ನಟ್ಟು ಬೋಲ್ಟಿನ ಜೊತೆ ಬಾಳಿದವರು. ತಂದು ಕೊಟ್ಟಾಗ ವಾಚನ್ನು ತಿರುಗಿಸಿ, ಉಜ್ಜಿದ ಜಾಗದ ಮೇಲೆ ಉಗುರು ಆಡಿಸಿದರು. ‘ಚೆನ್ನಾಗಿದೆ ಕಣೇ, ಹಗುರವಾಗಿದೆ’ ಅಂದರು. ತಾವಾಗಿಯೇ ಊಟ ಕೇಳಿ ಬಟ್ಟಲು ಖಾಲಿ ಮಾಡಿದರು.

ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡರು. ನೀರಿನ ಸದ್ದಿನಲ್ಲೂ ಓಕರಿಕೆ ಕೇಳಿಸಿತು. ನಾನು ಟವೆಲ್ ಹಿಡಿದು ಹೊರಗೆ ನಿಂತಿದ್ದೆ. ಹೊರಬಂದಮೇಲೆ ಇಬ್ಬರೂ ಆ ನಲ್ಲಿಯ ವಾಷರ್ ಬದಲಾಯಿಸಬೇಕೆಂದು ಮಾತಾಡಿಕೊಂಡೆವು.

ನನಗೆ ದಿಕ್ಕೇ ತೋಚುತ್ತಿಲ್ಲ ಮಗಳೇ. ಈ ಚೈನೂ ಸಡಿಲವಾದರೆ ಯಾರ ಮನೆ ಬಾಗಿಲಿಗೆ ಹೋಗಲಿ? ಆದರೆ ನೀನು ಹೊರಟು ಬಂದೀಯ, ಜೋಕೆ! ರಜೆಯಿಲ್ಲದ ಕಾಲದಲ್ಲಿ ನೀನು ಬಾಗಿಲಲ್ಲಿ ನಿಂತರೆ ಅವರಿಗೆ ಎಲ್ಲ ಅರ್ಥವಾಗಿಬಿಡುತ್ತದೆ. ಭಾನುವಾರ ಫೋನು ಮಾಡಿದಾಗ ಹೊಸ ಚೈನು ಹೇಗಿದೆ ಅಪ್ಪಾ ಎಂದು ಕೇಳು, ನಗು. ಅಳು ಬಂದರೆ ಇಟ್ಟುಬಿಡು, ಲೈನು ಹೋಯಿತು ಅನ್ನುತ್ತೇನೆ. ನನ್ನ ಚಿಂತೆ ಬೇಡ, ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಇಂತಿ,
ನಿನ್ನ ಅಮ್ಮ

ತಾ.ಕ.: ಕಂದಾ, ಇದು ಅಪ್ಪ ಬರೆಯುತ್ತಿರುವುದು. ನಿಮ್ಮಮ್ಮ ಪೆನ್ನು ಹಿಡಿದುಕೊಂಡೇ ಮೇಜಿಗೆ ತಲೆಯಿಟ್ಟು ನಿದ್ದೆಹೋಗಿದ್ದಾಳೆ. ಇನ್ನೊಬ್ಬರ ಕಾಗದ ಓದಬಾರದು, ಓದಿದೆ. ಮೊದಲ ಕೊಂಡಿ ತೆಗೆಸಿದ ದಿನವೇ ನನಗೆ ಗೊತ್ತಾಗಿತ್ತು. ವಾಚು ಸರಿಯಾಗಿ ಕೂತರೆ ಅವಳ ಮುಖ ಅರಳುತ್ತಿತ್ತು, ಅದಕ್ಕೇ ಉಣ್ಣುತ್ತಿದ್ದೆ. ಈಗ ಆಗುತ್ತಿಲ್ಲ. ಅವಳು ನನ್ನ ತಟ್ಟೆಯನ್ನೇ ನೋಡುತ್ತಾ ಕೂರುತ್ತಾಳೆ, ತನಗೆ ಬಡಿಸಿಕೊಳ್ಳುವುದೇ ಇಲ್ಲ. ನಿನ್ನೆ ಪಾತ್ರೆ ತೊಳೆಯುವಾಗ ಅವಳ ಬಳೆ ತಾನಾಗಿಯೇ ಕಳಚಿ ನೀರಿಗೆ ಬಿತ್ತು. ನಾನು ನೋಡಲಿಲ್ಲ ಅಂದುಕೊಂಡಿದ್ದಾಳೆ. ಲಕೋಟೆ ಅಂಟಿಸಿ ಅವಳ ಕೈಕೆಳಗೇ ಇಡುತ್ತೇನೆ, ತಾನೇ ಅಂಟಿಸಿದ್ದೆ ಅಂದುಕೊಳ್ಳಲಿ. ನೀನು ಬೇಗ ಬಾ. ನನಗಲ್ಲ, ಬಂದು ಅವಳಿಗೆ ಒಂದು ತುತ್ತು ಊಟ ಹಾಕು.