ಮೊದಲ ಸಾಲಿನ ಗೆರೆ

12 ಏಪ್ರಿಲ್ 2004, ಸೋಮವಾರ. ಬೆಳಿಗ್ಗೆ 9.40
ಮನೆ ಕಡೆಯಿಂದ ಬರುವ ಕನ್ಹಾನ್ ಬಸ್ಸು ಇವತ್ತೂ ಬೇಗ ಬಂತು. ಲ್ಯಾಬಿನ ಬೀಗ ತೆಗೆದೆ. ಕೂಲರಿಗೆ ನೀರು ತುಂಬಿದೆ, ಮೇಜು ಒರೆಸಿದೆ. ಆಮೇಲೆ ಡೀಪ್ ಫ್ರೀಜರ್. ಕೆಳಗಿನ ಅರೆಯಿಂದ ಇವರ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಮುಚ್ಚಳಕ್ಕೆ ಹಿಮ ಹಿಡಿದಿತ್ತು — ಅಂಗೈ ಇಟ್ಟರೆ ಕರಗಿ ಅಕ್ಷರ ಕಾಣುತ್ತದೆ. ಒಳಗೆ ಹನ್ನೊಂದು ಪುಟ್ಟ ಟ್ಯೂಬು, ತಲೆಯ ಮೇಲೆ ಕನ್ನಡ ಅಂಕಿ. ಒಂದೊಂದನ್ನೇ ಹಿಡಿದು ನೋಡಿದೆ. ಗೌತಮಿ ಬರುವಷ್ಟರಲ್ಲಿ ವಾಪಸ್.

ಇದೇ ಲ್ಯಾಬಿನಲ್ಲಿ ದುಡಿಯುತ್ತಿದ್ದ ಇವರು ತೀರಿಹೋಗಿ ಎಂಟು ತಿಂಗಳು. ಅವರ ಬದಲಿಗೆ ನನಗೆ ಈ ಅಟೆಂಡರ್ ಕೆಲಸ ಸಿಕ್ಕಿ ಮೂರು. ಮನೆಯಲ್ಲಿ ಅವರ ಅಕ್ಷರ ಎಲ್ಲೂ ಇಲ್ಲ. ಲ್ಯಾಬಿನ ನೋಟ್‌ಬುಕ್ಕುಗಳು ಮುಖ್ಯಸ್ಥ ಶ್ರೀಕಾಂತ ಸರ್ ಕಪಾಟಿನಲ್ಲಿ, ಅವೂ ಇಂಗ್ಲಿಷಿನಲ್ಲಿ. ಕನ್ನಡ ಇರುವುದು ಈ ಡಬ್ಬಿಯ ಮೇಲೆ ಮಾತ್ರ.

19 ಏಪ್ರಿಲ್
ಗೌತಮಿ ಡಾರ್ಕ್‌ರೂಮಿನಿಂದ ಫಿಲ್ಮ್ ಹಿಡಿದು ಬಂದಳು.
“ಕಾಕೂ, ಮತ್ತ ಖಾಲಿ! ಪಾಸಿಟಿವ್ ಕಂಟ್ರೋಲೂ ಬಂದಿಲ್ರಿ!”
ಹುಡುಗಿ ಈ ಪರರಾಜ್ಯದಲ್ಲೇ ಹುಟ್ಟಿದವಳು. ಅಪ್ಪ ಬಾಗಲಕೋಟೆಯಿಂದ ಇಲ್ಲಿನ ಮದ್ದುಗುಂಡಿನ ಆರ್ಡ್‌ನೆನ್ಸ್ ಫ್ಯಾಕ್ಟರಿಗೆ ಬಂದವರು. ಕನ್ನಡ ಆಡುತ್ತಾಳೆ, ಓದಲು ಬಾರದು. ಪಿಎಚ್‌ಡಿ ಮಾಡುತ್ತಿದ್ದಾಳೆ.

ಅವಳ ಕೆಲಸದ ಬಗ್ಗೆ ನನಗೆ ಗೊತ್ತಿರುವುದು ಇವರು ಊಟಕ್ಕೆ ಕೂತಾಗ ಹೇಳಿದ್ದಷ್ಟೇ. ಜೀವಕೋಶಕ್ಕೆ ಸಂಕಟ ಬಂದಾಗ ಅದರೊಳಗೆ ಕೈನೇಸ್ ಎಂಬ ಪ್ರೋಟೀನು ಎಚ್ಚರಗೊಳ್ಳುತ್ತದೆ. ವೆಸ್ಟರ್ನ್ ಬ್ಲಾಟ್ ಎಂಬ ಪರೀಕ್ಷೆ ಮಾಡಿದರೆ ಅದು ಫಿಲ್ಮಿನ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. “ಏಟು ತಿಂದದ್ದು ಗ್ಯಾರಂಟಿ ಇರೋದನ್ನ ಮೊದಲನೇ ಸಾಲಿಗೆ ಹಾಕತೀವಿ ವಸು. ಅದರಾಗೂ ಗೆರಿ ಬರಲಿಲ್ಲಂದ್ರ ಉಳಿದದ್ದು ಏನೂ ನಂಬಂಗಿಲ್ಲ.” ಆ ಏಟು ತಿಂದ ಕೋಶಗಳನ್ನು ಅರೆದು ಇವರೇ ಮಾಡಿಟ್ಟ ಕಂಟ್ರೋಲೇ ಈ ಹನ್ನೊಂದು ಟ್ಯೂಬು.

4 ಮೇ
ಮತ್ತೆ ಖಾಲಿ. ಸರ್ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ ಮೇಜಿಗೆಸೆದರು. “ಕಂಟ್ರೋಲ್ ಹೀ ನಹೀಂ ದಿಖಾ ತೋ ಬಾಕೀ ಕ್ಯಾ ದೇಖೂಂ?” ಕಂಟ್ರೋಲೇ ಕಾಣದಿದ್ದರೆ ಉಳಿದದ್ದೇನು ನೋಡಲಿ ಅಂತ. ಜುಲೈ 31ಕ್ಕೆ ಗೌತಮಿಯ ಪಿಎಚ್‌ಡಿ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ಈ ಒಂದು ಚಿತ್ರ ಬರದಿದ್ದರೆ ಐದು ವರ್ಷದ ಕೆಲಸ ನೀರಲ್ಲಿ. ಗೆರೆ ಮೂಡಿಸುವ ಆಂಟಿಬಾಡಿ ಹೊಸದು ತರಿಸುತ್ತಾರಂತೆ.

21 ಮೇ
46 ಡಿಗ್ರಿ. ಕೂಲರಿನ ಖಸ್, ಆ ಲಾವಂಚದ ತಟ್ಟಿ, ಒಣಗಿ ಬಿಸಿಗಾಳಿ. ಹೊಸ ಆಂಟಿಬಾಡಿ ಬಂತು — ಖಾಲಿ. ಫಿಲ್ಮ್ ತೊಳೆಯುವ ಡೆವಲಪರ್ ಬದಲಿಸಿದರು — ಖಾಲಿ. ಪ್ರತಿ ಸಲವೂ ಇವರ ಟ್ಯೂಬಿನಿಂದ ಒಂದಿಷ್ಟು. ಈಗ ಒಂಬತ್ತು ಉಳಿದಿವೆ. ಸಿಟ್ಟು ಬಂತು. ಇವರ ಕೈಯಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ. ಈ ಹುಡುಗಿಗೆ ನಿಗಾ ಇಲ್ಲ.
“ಜರಾ ಕಡಿಮಿ ಹಾಕವ್ವಾ.”
“ಇದೇನು ತೀರ್ಥ ಏನ್ರಿ ಕಾಕೂ, ಉದ್ಧರಣಿಲೆ ಹಾಕಾಕ?”
ಸಂಜೆ ಬಕೆಟ್ಟು ಜೋರಾಗಿ ಇಟ್ಟೆ. ಯಾರೂ ತಿರುಗಿ ನೋಡಲಿಲ್ಲ.

11 ಜೂನ್, ಮಧ್ಯಾಹ್ನ
ಗೌತಮಿ ಡಬ್ಬಿ ಹಿಡಿದು ನನ್ನ ಬಳಿ ಬಂದಳು.
“ಇದರ ಮ್ಯಾಲ ಏನು ಬರದಾರ್ರಿ ಅಂಕಲ್?”
ಇಂಗ್ಲಿಷಿನಲ್ಲಿ ಬರೆದರೆ ಯಾರೂ ಕೇಳುವುದಿಲ್ಲವೆಂದು ಇವರು ರೇಗಿ ಬರೆದದ್ದು ಅದು. ಮನೆಗೆ ಬಂದು ನಕ್ಕಿದ್ದರು: “ಹೆಂಗೂ ಕೇಳಂಗಿಲ್ಲ. ತಿಳೀದ ಭಾಷಾದಾಗ ಬೈದು ಬಂದೀನಿ.”
ಮುಚ್ಚಳ ಒರೆಸಿದೆ. ‘ಒಮ್ಮೆ ಕರಗಿದರೆ ಮುಗಿಯಿತು. ಸುಮ್ಮನೆ ಹೊರಗೆ ತೆಗೆಯಬೇಡಿ.’
ದಿನಾ ನೋಡಿದ ಅಕ್ಷರ. ಇವತ್ತು ಓದಿದೆ.
“ಏನ್ರಿ?”
“ಏನಿಲ್ಲ. ಹೆಸರು ಬರದಾರ.”

ರಾತ್ರಿ
ಐದು ತಿಂಗಳು. ದಿನಕ್ಕೆ ಕಾಲು ತಾಸು. ಈ ಬಿಸಿಲಿನಲ್ಲಿ. ನನ್ನ ಅಂಗೈಯಲ್ಲೇ ಕರಗಿದ್ದು.

16 ಜೂನ್
ಇವತ್ತು ಸರ್ ಎಲ್ಲರೆದುರಿಗೆ ಗೌತಮಿಗೆ ಅಂದರು — ಕೈ ಸರಿಯಿಲ್ಲ, ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರು, ಬ್ಲಾಟ್ ನಿನ್ನ ಕೈಲಾಗದು. ಅವಳು ತಲೆ ತಗ್ಗಿಸಿ ನಿಂತಿದ್ದಳು. ನನ್ನ ಕೈಯಲ್ಲಿ ಪೊರಕೆ.
“ಸರ್, ಡಬ್ಬಾ ಮೈಂ ನಿಕಾಲತೀ ಥೀ. ರೋಜ್.” ಡಬ್ಬಿಯನ್ನು ದಿನಾ ಹೊರಗೆ ತೆಗೆಯುತ್ತಿದ್ದವಳು ನಾನು ಎಂದೆ.
ಸರ್‌ಗೆ ಅರ್ಥವಾಗಲು ಹೊತ್ತು ಹಿಡಿಯಿತು. “ಕ್ಯೋಂ?”
ಯಾಕೆಂದು ಹಿಂದಿಯಲ್ಲಿ ಹೇಳಲು ಬರಲಿಲ್ಲ. ಗೌತಮಿಯನ್ನು ನೋಡಿ ಅಂದೆ, “ಅವರ ಅಕ್ಷರ ನೋಡಾಕ.”
ಅವಳು ಸರ್‌ಗೆ ತಿಳಿಸಿ ಹೇಳಲಿಲ್ಲ. “ಎರಡು ತಿಂಗಳು ಹೋತಲ್ರಿ ಕಾಕೂ ನಂದು,” ಎಂದು ಹೊರಗೆ ಹೋದಳು.
ಸರ್ ಇವರ ಹೆಸರೆತ್ತಿ, “ಮಧುಸೂದನ್ ಹೋತಾ ತೋ...”, ಅವನಿದ್ದಿದ್ದರೆ, ಎಂದು ಶುರುಮಾಡಿ ನುಂಗಿಕೊಂಡರು. ಕೈ ಚಾಚಿದರು. ಫ್ರೀಜರಿನ ಕೀಲಿ ಕೊಟ್ಟೆ.

5 ಜುಲೈ
ಇಷ್ಟು ದಿನ ಗೌತಮಿ ಮಾತಾಡಿಸಿಲ್ಲ. ಚಹಾ ಇಟ್ಟರೆ ಕುಡಿಯುತ್ತಾಳೆ, ಅಷ್ಟೇ.
ಕಂಟ್ರೋಲ್ ಹೊಸದಾಗಿ ಮಾಡುತ್ತಿದ್ದಾಳೆ. ಕೋಶಗಳನ್ನು ಅಲ್ಟ್ರಾವೈಲೆಟ್ ದೀಪದ ಕೆಳಗಿಡುತ್ತಾಳೆ. ಎರಡು ಸಲ ಮಾಡಿದಳು, ಗೆರೆ ಮಸುಕು. ದೀಪ ಆರಿಸಿದ ಮೇಲೆ ಎಷ್ಟು ಹೊತ್ತು ಬಿಟ್ಟು ಅರೆಯಬೇಕೆಂದು ನೋಟ್‌ಬುಕ್ಕಿನಲ್ಲಿ ಸಿಗಲಿಲ್ಲವಂತೆ. ತಾನೇ ಗೊಣಗುತ್ತಿದ್ದಳು.
“ಅರ್ಧ ತಾಸು,” ಅಂದೆ.
ತಿರುಗಿ ನೋಡಿದಳು.
“ದೀಪ ಆರಿಸಿ ಇಲ್ಲೇ ಊಟಕ್ಕ ಕೂಡತಿದ್ರು. ಬರೋಬರ್ ಅರ್ಧ ತಾಸು. ಮುಗೀದಿದ್ರ ರೊಟ್ಟಿ ಹಂಗ ಮನೀಗೆ ವಾಪಸ್ ತರತಿದ್ರು.”
ಅವಳು ಗಡಿಯಾರ ನೋಡಿಕೊಂಡಳು.

9 ಜುಲೈ
ಬಂತು. ಮೊದಲ ಸಾಲಿನಲ್ಲಿ ಕಪ್ಪಗೆ, ಕಾಡಿಗೆ ತೀಡಿದ ಹಾಗೆ. ಅವಳ ಸಾಲುಗಳಲ್ಲೂ ಎರಡರಲ್ಲಿ. ಗೌತಮಿ ಫಿಲ್ಮ್ ಹಿಡಿದು ಓಡಿದಳು, ನೀರು ದಾರಿಯುದ್ದಕ್ಕೂ ತೊಟ್ಟಿಕ್ಕಿತು. ಒರೆಸಿದೆ.
ಹಳೆಯ ಟ್ಯೂಬುಗಳನ್ನು ನಾನೇ ಕಸದ ಚೀಲಕ್ಕೆ ಹಾಕಿದೆ. ಎಣಿಸಲಿಲ್ಲ. ಹೊಸವನ್ನು ಅದೇ ಡಬ್ಬಿಗೆ ಜೋಡಿಸಿದಳು. ಮುಚ್ಚಳ ಮುಚ್ಚುವ ಮುಂಚೆ, “ಈಗ ಖರೇ ಹೇಳ್ರಿ ಕಾಕೂ, ಏನು ಬರದಾರ?”
ಓದಿ ಹೇಳಿದೆ.
“ಅಳಸೂದು ಬ್ಯಾಡ,” ಅಂದಳು. “ಇರಲಿ.”

12 ಜುಲೈ, ಸೋಮವಾರ. ಬೆಳಿಗ್ಗೆ 9.45
ಕೀಲಿ ನನ್ನ ಮೇಜಿನ ಮೇಲಿತ್ತು. ಗೌತಮಿ ಸರ್‌ಗೆ ಏನು ಹೇಳಿದಳೋ. ಮಳೆ ಹಿಡಿದಿದೆ, ಕೂಲರ್ ಕೆಲಸವಿಲ್ಲ. ಮೇಜು ಒರೆಸಿದೆ. ಗೌತಮಿ ಬರಲು ಇನ್ನೂ ಕಾಲು ತಾಸಿದೆ. ಫ್ರೀಜರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಬರೆಯುತ್ತಿದ್ದೇನೆ. ಒಳಗೆ ಅವರ ಅಕ್ಷರಕ್ಕೆ ಹಿಮ ಹಿಡಿದಿರುತ್ತದೆ. ಹಿಡಿಯಲಿ. ಕೀಲಿ ಕೈಯಲ್ಲಿ ಬೆಚ್ಚಗಾಗಿದೆ. ನಾನು ಫ್ರೀಜರ್ ತೆಗೆಯುವುದಿಲ್ಲ.