ಎಡಗಾಲಿನ ಚಪ್ಪಲಿ

ಈಚೆ ದಡದ ಸರ್ಕಾರಿ ವಕೀಲರಾದ ಮೇಡಂ ಅವರಿಗೆ,

ಸೇತುವೆ ಪಕ್ಕ ಚಪ್ಪಲಿ ಹೊಲಿಯುವವನ ನಮಸ್ಕಾರ. ನನ್ನ ಮಗಳನ್ನು ಕಾರಿಗೆ ಎಳೆದು ಹಾಕಿಕೊಂಡದ್ದು ಈಚೆ, ಕೊಂದದ್ದು ಹೊಳೆಯ ಆಚೆ, ಬೇರೆ ಜಿಲ್ಲೆಯಲ್ಲಿ. ಹಾಗಾಗಿ ಎರಡು ಕೇಸು. ಅವಳ ಎಡಗಾಲಿನ ಚಪ್ಪಲಿ ನಿಮ್ಮ ಹತ್ತಿರ, ಬಲಗಾಲಿನದು ಆಚೆಯ ವಕೀಲರ ಹತ್ತಿರ. "ಅಲ್ಲಿ ಕೇಳಿ" ಎಂದು ಹತ್ತು ತಿಂಗಳು ಇಬ್ಬರೂ ಅಲೆಸಿದಿರಿ. ನಿನ್ನೆ ನೀವು, "ಎರಡೂ ಸೇರಿಸಿದೀವಿ, ಆಚೆ ಕೋರ್ಟಲ್ಲೇ ನಡೆಯುತ್ತೆ" ಎಂದಿರಿ. ಒಳ್ಳೆಯದಾಯಿತು.

ಕಡತದ ಜೊತೆ ಈ ಮಾತನ್ನೂ ಕಳಿಸಿ. ಎಡಗಾಲಿನ ಚಪ್ಪಲಿಯ ಪಟ್ಟಿಯಲ್ಲಿ ಒಂದು ಪಿನ್ನು ಇದೆ. ಆ ಬೆಳಿಗ್ಗೆ ಅವಳು, "ಅಪ್ಪಾ, ಒಂದು ಹೊಲಿಗೆ ಹಾಕ್ಕೊಡು" ಅಂದಿದ್ದಳು. ಗಿರಾಕಿಗಳು ನಿಂತಿದ್ದರು. "ಸಂಜೆ ನೋಡೋಣ, ಈಗ ಪಿನ್ನು ಹಾಕ್ಕೊಂಡು ಹೋಗು" ಅಂದೆ. ಕಾರಿನವರಿಂದ ತಪ್ಪಿಸಿಕೊಂಡು ಓಡುವಾಗ ಕಿತ್ತುಬಂದದ್ದು ಆ ಪಟ್ಟಿಯೇ.

ಆಚೆಯ ವಕೀಲರಿಗೆ ಇದು ಗೊತ್ತಿಲ್ಲ. ನಾನು ಕಟಕಟೆಯಲ್ಲಿ ನಿಂತಾಗ ಆ ಪಿನ್ನಿನ ವಿಷಯ ತಪ್ಪದೆ ಕೇಳಲು ಅವರಿಗೆ ಬರೆಯಿರಿ. ಅವಳ ತಾಯಿ ಎದುರಿಗೇ ಕೂತಿರುತ್ತಾಳೆ. ಮನೆಯಲ್ಲಿ ಹೇಳಲು ಹತ್ತು ತಿಂಗಳಿಂದ ನನಗೆ ಬಾಯಿ ಬಂದಿಲ್ಲ. ಅಲ್ಲಾದರೆ ಹೇಳಲೇಬೇಕಲ್ಲ.

ಇಂತಿ,
ನಿಮ್ಮ ಕೇಸಿನ ಮೂರನೇ ಸಾಕ್ಷಿ, ಅವರ ಕೇಸಿನ ಒಂಬತ್ತನೇ ಸಾಕ್ಷಿ,
ಅವಳ ಅಪ್ಪ