ಹಸಿರು ಸೀರೆಯ ಚಿತ್ರ

ಶಹಾಪುರ
೧೨ ನವೆಂಬರ್ ೨೦೨೪

ಪ್ರೀತಿಯ ಮಗ ಬುದ್ಧಪ್ರಿಯನಿಗೆ,

ಜೈಭೀಮ್. ಬರೆಯಬೇಕೆಂದು ಕೂತು ಕೂತು ಎದ್ದಿದ್ದೇನೆ. ತಡವಾಯಿತು, ಸಿಟ್ಟಾಗಬೇಡ. ನಿನ್ನ ಫೋನು ಬಂದ್ ಇದೆ. ಹೈದರಾಬಾದಿನ ವಿಳಾಸ ನಿನ್ನ ಗೆಳತಿ ಪರಿಮಳಾ ಕೊಟ್ಟಳು, ಅದೂ ನಾನು ಅವಳ ಮುಂದೆ ಅತ್ತ ಮೇಲೆ.

ಮೊದಲು ನಿನಗೆ ಬೇಕಾದ ಸುದ್ದಿ. ನೀನು ಬರೆದ ಚಿತ್ರಗಳೆಲ್ಲ ಮನೆಯಲ್ಲಿವೆ. ಒಂದಕ್ಕೂ ಗೀರು ಬಿದ್ದಿಲ್ಲ.

ಪ್ರದರ್ಶನದ ಮೊದಲ ದಿನವೇ ಊರಿನ ಕೆಲವರು ನಿನ್ನ ಕಾಲರ್ ಹಿಡಿದದ್ದು, ನೀನು ಮನೆಗೂ ಬಾರದೆ ಬಸ್ಸು ಹತ್ತಿದ್ದು, ಎರಡನ್ನೂ ಸಭಾಂಗಣ ಕಾಯುವ ಬಾಷುಮಿಯಾ ನಾನು ಕಲಿಸುವ ಶಾಲೆಗೆ ಬಂದು ಹೇಳಿದ. "ಅಕ್ಕೋರ, ನಾಳಿ ಮುಂಜಾನಿ ಜಲ್ದಿ ಬಂದು ಒಯ್ದುಬಿಡ್ರಿ. ಸುಡ್ತೀವಿ ಅನ್ನಾಕತ್ತಾರ."

ಮರುದಿನ ಬೆಳಿಗ್ಗೆ ಟಂಟಂ ಆಟೋ ಮಾಡಿಕೊಂಡು ಹೋದೆ. ಅಷ್ಟರಲ್ಲಾಗಲೇ ಬಾಗಿಲ ಮುಂದೆ ಜನ ನಿಂತಿದ್ದರು. ನಾನೇ ಅಕ್ಷರ ಕಲಿಸಿದವರೂ ಅದರಲ್ಲಿದ್ದರು. ಯಾರೂ ನಮಸ್ಕಾರ ಮಾಡಲಿಲ್ಲ.

ನಿನ್ನ ಚಿತ್ರಗಳನ್ನು ನಾನು ನೋಡಿದ್ದು ಅವತ್ತೇ ಮೊದಲು. ನಿನ್ನ ಜೊತೆ ಡಿಗ್ರಿ ಮುಗಿಸಿದ ಹುಡುಗಿಯರು ಹರಿದ ಜೀನ್ಸು, ಹೊಕ್ಕುಳ ಕಾಣುವ ಗಿಡ್ಡ ಅಂಗಿ ತೊಟ್ಟು, ನಮ್ಮ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತಿದ್ದಾರೆ. ಪರಿಮಳಾ ತಲೆ ಬೋಳಿಸಿ ಗಂಡಸರ ಕೋಟು ಹಾಕಿದ್ದಾಳೆ. ಸುಳ್ಳು ಯಾಕೆ ಹೇಳಲಿ, ನನಗೆ ನಾಚಿಕೆಯಾಯಿತು. ಯಾರಾದರೂ ನನ್ನ ಮುಖ ನೋಡುತ್ತಿದ್ದಾರೇನೋ ಎಂದು ಹಿಂದೆ ತಿರುಗಿದೆ. ಆಮೇಲೆ ಮೂಲೆಯಲ್ಲಿ ನೀನು ಕಂಡೆ. ಗಡ್ಡ ಹಾಗೇ ಇದೆ, ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ, ಮೈಮೇಲೆ ನನ್ನ ಹಸಿರು ಇಳಕಲ್ ಸೀರೆ. ಹಿಂದಿನಿಂದ ಒಬ್ಬ ಬರಿಮೈಯವನು ನಿನ್ನನ್ನು ತಬ್ಬಿ, ಭುಜಕ್ಕೆ ಮುಖ ಹುದುಗಿಸಿದ್ದಾನೆ. ನೀನು ನಗುತ್ತಿದ್ದೆ. ನಮ್ಮ ಮನೆಯಲ್ಲಿ ನೀನು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ, ಬುದ್ಧಪ್ರಿಯ.

ಸಭಾಂಗಣದ ಕಮಿಟಿಯ ವಿಶ್ವರಾಧ್ಯ ಒಳಗೆ ಬಂದರು, ಅವರ ಹಿಂದೆ ಉಳಿದವರು.

"ಅಕ್ಕೋರ, ನಿಮ್ಮ ಮ್ಯಾಲ ಗೌರವ ಅದ. ಉಳದಾವು ಒಯ್ರಿ. ಇದೊಂದು ಇಲ್ಲೇ ಬಿಡ್ರಿ. ಹಿಂದ ನಿಂತಾಂವ ಯಾರು? ಅವರ ಮನಿಗಿ ಹೋಗಿ ಮಾತಾಡ್ತೀವಿ."

"ನನಗ ಗೊತ್ತಿಲ್ರಿ."

"ತಾಯಿಗಿ ಗೊತ್ತಿರಂಗಿಲ್ಲೇನು?"

"ಗೊತ್ತಿದ್ರೂ ಹೇಳಂಗಿಲ್ಲ. ಇಂವ ನನ್ನ ಮಗ, ಇದು ನನ್ನ ಸೀರಿ. ಒಯ್ಯಾಕತ್ತೀನಿ. ಸುಡಾದಿದ್ರ ನನ್ನ ಕೈ ಬಿಡಿಸಿ ಸುಡ್ರಿ."

ಧ್ವನಿ ನನ್ನದೇ ಎಂದು ನನಗೆ ಅನಿಸಲಿಲ್ಲ. ಯಾರೋ ಚೌಕಟ್ಟಿನ ಇನ್ನೊಂದು ತುದಿ ಹಿಡಿದು ಎಳೆದರು. ನಾನು ಬಿಡಲಿಲ್ಲ. ಬಳೆ ಒಡೆದು ಮಣಿಕಟ್ಟಿನಿಂದ ರಕ್ತ ಇಳಿಯಿತು. ಅದನ್ನು ಕಂಡ ಮೇಲೆ ವಿಶ್ವರಾಧ್ಯ, "ಬಿಡ್ರೋ ಸಾಕು" ಎಂದರು. ಬಾಷುಮಿಯಾ ಒಂದೊಂದಾಗಿ ಟಂಟಂಗೆ ಹೇರಿಕೊಟ್ಟ. ಪಾಪ, ಅವನ ನೌಕರಿ ಹೋಗುತ್ತದೋ ಏನೋ.

ನಿಮ್ಮಪ್ಪ ಶನಿವಾರ ನೌಕರಿಯ ಊರು ನಾರಾಯಣಪುರದಿಂದ ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಈ ಸೀರಿ ನಿಂದಲ್ಲ?" ಎಂದರು. ಹೌದು ಎಂದೆ. "ನಿನಗಿಂತ ಇವಗ ಛಲೋ ಕಾಣ್ತದ" ಎಂದು ಹೇಳಿ, ಉಣ್ಣದೆ ಹೊರಗೆ ಹೋದರು. ಅದು ಸಿಟ್ಟೋ, ಒಪ್ಪಿಗೆಯೋ, ನನಗೆ ತಿಳಿಯಲಿಲ್ಲ. ಮರುದಿನ ಕ್ವಾರ್ಟರ್ಸಿಗೆ ಹಿಂದಿರುಗುವ ಮುಂಚೆ ಚಿತ್ರಗಳಿಗೆ ಧೂಳು ಬೀಳದ ಹಾಗೆ ಬಟ್ಟೆ ಹೊದಿಸಿದರು. ಅಷ್ಟು ನೋಡಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕುಂಚ ಕೆಳಗಿಡಬೇಡ. ನನಗೆ ಎಲ್ಲವೂ ಅರ್ಥವಾಗಿಲ್ಲ, ಅರ್ಥವಾಗುವವರೆಗೆ ಕಾಯಬೇಡ. ಬುದ್ಧನ ಕರುಣೆ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಸುಂದ್ರಮ್ಮ

ತಾ.ಕ.: ಚಿತ್ರದಲ್ಲಿ ನಿನ್ನನ್ನು ತಬ್ಬಿದ ತೋಳಿನ ಮೇಲೆ ಸುಟ್ಟ ಗಾಯದ ಕಲೆ ಇದೆ. ಮೂರನೇ ಇಯತ್ತೆಯಲ್ಲಿ ನನ್ನ ಹತ್ತಿರ ಕಲಿಯುತ್ತಿದ್ದ ಮರಿಲಿಂಗನ ಆ ಗಾಯಕ್ಕೆ ಮುಲಾಮು ಹಚ್ಚಿದವಳು ನಾನೇ. ಯಾರೋ ಚೌಕಟ್ಟು ಎಳೆದರು ಎಂದು ಬರೆದೆನಲ್ಲ, ಅದು ಅವನು. "ಇದನ್ನ ಮೊದಲ ಸುಡ್ರಿ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದ್ದ. ನನ್ನ ಕಣ್ಣು ನೋಡಲಿಲ್ಲ. ಅವನಿಗೆ ಫೋನು ಮಾಡಬೇಡ ಎನ್ನಲು ನಾನು ಯಾರು? ಮಾಡುವ ಮೊದಲು ನಿನಗೆ ತಿಳಿದಿರಲಿ.